ಬಲಗಡೆ ಇಟ್ಟ ನೀರಿನ ಲೋಟ: ಬಾಗಲಕೋಟೆಯ ಒಂದು ಆರೈಕೆ ಕೇಂದ್ರದಲ್ಲಿ ಕಂಡ ನಿರ್ಲಕ್ಷ್ಯದ ಪ್ರಕರಣ ಅಧ್ಯಯನ

ಗುಳೇದಗುಡ್ಡದ ನೇಕಾರ ಮನೆತನದ ಆ ತಾಯಿಗೆ ಆಗ 76 ವರ್ಷ. ಮದುವೆಯಾಗಿ ಬಂದಾಗಿನಿಂದ ಕೈಮಗ್ಗದ ಮುಂದೆ ಕುಳಿತು ಖಣ ನೇಯ್ದವರು. ಗಂಡ ತೀರಿಕೊಂಡ ಮೇಲೂ ಮಗ್ಗ ಬಿಟ್ಟಿರಲಿಲ್ಲ. 2024ರ ದೀಪಾವಳಿ ಕಳೆದ ಕೆಲವೇ ದಿನಗಳಲ್ಲಿ ಲಕ್ವಾ ಹೊಡೆದು ಬಲಗೈ ಮತ್ತು ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲತೊಡಗಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮಗನ ನೌಕರಿ ಕಲಬುರಗಿಯಲ್ಲಿ, ಮಗಳು ಇಳಕಲ್ಲಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಬ್ಬರ ಮನೆಯಲ್ಲಿಯೂ ಹಗಲು ಹೊತ್ತು ಅವರ ಬಳಿ ಇರುವವರು ಯಾರೂ ಇರಲಿಲ್ಲವಾದ್ದರಿಂದ, ಎರಡು ತಿಂಗಳು ಹೇಗೋ ನಿಭಾಯಿಸಿದ ಮೇಲೆ, 2025ರ ಜನವರಿಯಲ್ಲಿ ಅವರನ್ನು ಬಾಗಲಕೋಟೆಯ ಒಂದು ಖಾಸಗಿ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಲಾಯಿತು. ತಿಂಗಳಿಗೆ 18,000 ರೂಪಾಯಿ ಶುಲ್ಕ. ರಸೀದಿಯ ಮೇಲೆ ‘ವಸತಿ, ಊಟ, ನರ್ಸಿಂಗ್ ಆರೈಕೆ’ ಎಂದು ಬರೆದಿತ್ತು. ಆ ಪದಗಳು ಮುಂದೆ ಬಹಳ ಉಪಯೋಗಕ್ಕೆ ಬಂದವು.

ನಾನು ಸರಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಮಗಳ ಮನೆಯವರು ಹಳೆಯ ಪರಿಚಯದವರು. ಇಂದಿಗೂ ನನ್ನನ್ನು ‘ಸಿಸ್ಟರ್’ ಎಂದೇ ಕರೆಯುತ್ತಾರೆ. ತಾಯಿ ಮತ್ತು ಮಕ್ಕಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನಾಗಲಿ, ಅಲ್ಲಿ ಕೆಲಸ ಮಾಡುವವರ ಹೆಸರನ್ನಾಗಲಿ ಹೇಳುವುದಿಲ್ಲ.

ಭಾನುವಾರದ ಭೇಟಿಗಳು

ಕೇಂದ್ರದಲ್ಲಿ ಭೇಟಿಯ ಸಮಯ ಭಾನುವಾರ ಬೆಳಿಗ್ಗೆ 11ರಿಂದ 1 ಗಂಟೆಯವರೆಗೆ. ಬರುವ ಮುನ್ನ ಫೋನು ಮಾಡಬೇಕೆಂಬುದು ಅಲ್ಲಿನ ಪದ್ಧತಿ. ಮಕ್ಕಳು ಹೋದಾಗಲೆಲ್ಲ ತಾಯಿಗೆ ಸ್ನಾನವಾಗಿರುತ್ತಿತ್ತು, ಹಣೆಗೆ ವಿಭೂತಿ ಇರುತ್ತಿತ್ತು, ಹಾಸಿಗೆಯ ಮೇಲೆ ತೊಳೆದ ಚಾದರ ಇರುತ್ತಿತ್ತು. ಫೆಬ್ರವರಿಯ ಕೊನೆಯವರೆಗೆ ಮಗಳಿಗೆ ಸಮಾಧಾನವೇ ಇತ್ತು. ಆಮೇಲೆ ಕಣ್ಣಿಗೆ ಬಿದ್ದ ಸಂಗತಿಗಳು ಒಂದೊಂದೂ ಚಿಕ್ಕವು, ಪ್ರತಿಯೊಂದಕ್ಕೂ ಅಲ್ಲಿಯೇ ಒಂದು ಉತ್ತರ ಸಿಗುತ್ತಿತ್ತು. ಎಡಗೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ವಯಸ್ಸಾದವರು ಇಳಿಯುತ್ತಾರೆ ಎಂದರು. ಮೈಮೇಲೆ ತನ್ನದಲ್ಲದ ನೈಟಿ ಇತ್ತು. ಒಗೆಯುವಲ್ಲಿ ಅದಲುಬದಲಾಗಿದೆ ಎಂದರು. ಮೊದಲು ಮೊಮ್ಮಕ್ಕಳನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದ ತಾಯಿ ಏಪ್ರಿಲಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟುತ್ತಿದ್ದರು. ಈಗ ಶಾಂತವಾಗಿದ್ದಾರೆ, ಮೊದಲಿನಂತೆ ಕೂಗುವುದಿಲ್ಲ ಎಂದರು.

ಈ ಕೊನೆಯ ಉತ್ತರದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಮುದುಕರ ಮೈಯಲ್ಲಿ ಸೋಂಕು ಸೇರಿದಾಗ ಅಥವಾ ನೀರು ಕಡಿಮೆಯಾದಾಗ ಬುದ್ಧಿಭ್ರಮೆ ಉಂಟಾಗುವುದುಂಟು. ಕೆಲವರು ಬಡಬಡಿಸಿ ಗಲಾಟೆ ಮಾಡುತ್ತಾರೆ, ಕೆಲವರು ಮಂಕಾಗಿ ಮಲಗಿಬಿಡುತ್ತಾರೆ. ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ, ಮಂಕಾದವರನ್ನು ‘ಹೊಂದಿಕೊಂಡರು’ ಎಂದು ಬಿಟ್ಟುಬಿಡುತ್ತಾರೆ. ಕೆಲವು ದಿನಗಳ ಅಂತರದಲ್ಲಿ ಮಾತು ಮತ್ತು ಎಚ್ಚರ ಬದಲಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಅಂದೇ ವೈದ್ಯರಿಗೆ ತೋರಿಸಬೇಕು.

ಮಗಳು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ನೀರಿನ ಲೋಟದ ಮಾತು. ಪ್ರತಿ ಸಲವೂ ಲೋಟದ ತುಂಬ ನೀರಿರುತ್ತಿತ್ತು, ಮೇಲೆ ಮುಚ್ಚಳವೂ ಇರುತ್ತಿತ್ತು, ಆದರೆ ಅದು ಹಾಸಿಗೆಯ ಬಲಗಡೆಯ ಸ್ಟೂಲಿನ ಮೇಲೆ ಇರುತ್ತಿತ್ತು. ಸ್ವಾಧೀನ ತಪ್ಪಿದ್ದು ಬಲಗೈ. ನೀರು ಇಡುವ ಕೆಲಸವನ್ನು ಯಾರೋ ನಿತ್ಯವೂ ತಪ್ಪದೆ ಮಾಡುತ್ತಿದ್ದರು. ಆ ನೀರು ಬಾಯಿಗೆ ಮುಟ್ಟಿತೇ ಎಂದು ನೋಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಊಟದ ಕಥೆಯೂ ಹಾಗೆಯೇ. ತಾಯಿಯ ಹಲ್ಲಿನ ಸೆಟ್ಟು ಫೆಬ್ರವರಿಯಿಂದಲೇ ಕಪಾಟಿನಲ್ಲಿ ಒಂದು ಡಬ್ಬಿಯೊಳಗೆ ಇತ್ತೆಂದು ನಮಗೆ ಕೊನೆಯಲ್ಲಿ ತಿಳಿಯಿತು. ಅವರ ಮುಂದೆ ದಿನವೂ ಜೋಳದ ರೊಟ್ಟಿ, ಪಲ್ಯ ಇಟ್ಟು ಅರ್ಧ ಗಂಟೆಯ ಮೇಲೆ ತಾಟು ಎತ್ತಿಕೊಂಡು ಹೋಗುತ್ತಿದ್ದರು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಟ್ಟಿದ್ದರೆ, ಅಥವಾ ನುಚ್ಚು ಮಜ್ಜಿಗೆ ಕಲಸಿ ನಾಲ್ಕು ತುತ್ತು ತಿನ್ನಿಸಿದ್ದರೆ ಸಾಕಾಗುತ್ತಿತ್ತು.

ಆ ಬುಧವಾರ ಸಂಜೆ

ಮೇ ತಿಂಗಳ ಕೊನೆಯ ವಾರ, ಬಾಗಲಕೋಟೆಯ ಬಿಸಿಲು ಇಳಿಯದ ಹೊತ್ತು. ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದ ಮಗಳು, ಇಳಕಲ್ಲಿನ ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ, ಫೋನು ಮಾಡದೆಯೇ ಸಂಜೆ ಆರೂವರೆಗೆ ಕೇಂದ್ರಕ್ಕೆ ಹೋದರು. ತಾಯಿಯ ಹಾಸಿಗೆ ಒದ್ದೆಯಾಗಿತ್ತು, ತುಟಿ ಒಡೆದಿತ್ತು, ನಾಲಿಗೆ ಒಣಗಿತ್ತು. ಬಟ್ಟೆ ಬದಲಿಸಲು ಮಗ್ಗುಲಾಗಿಸಿದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ, ನಾಲ್ಕು ಬೆರಳಗಲದ ಕಪ್ಪು ಹುಣ್ಣು ಕಂಡಿತು. ವಾಸನೆ ಬರುತ್ತಿತ್ತು. ಎರಡೂ ಹಿಮ್ಮಡಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ವ್ಯವಸ್ಥಾಪಕರು, ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುವುದು ಸಹಜವೆಂದೂ ತಾವು ದಿನವೂ ಪೌಡರು ಹಚ್ಚುತ್ತಿರುವುದಾಗಿಯೂ ಹೇಳಿದರು.

ಮಗಳು ಹೊರಗೆ ಬಂದು ನನಗೆ ಫೋನು ಮಾಡಿದರು. “ಸಿಸ್ಟರ್, ಅವ್ವನ ಬೆನ್ನ ಕರ್ರಗ ಆಗೈತ್ರಿ. ನಾವ ತಂದ ಬಿಟ್ಟೀವಿ, ಈಗ ಯಾವ ಬಾಯೀಲೆ ಕೇಳೂದು?” ಈ ಮಾತನ್ನು ನಾನು ನನ್ನ ವೃತ್ತಿಯಲ್ಲಿ ಬೇರೆಬೇರೆ ಬಾಯಿಗಳಿಂದ ಕೇಳಿದ್ದೇನೆ. ಹೆತ್ತವರನ್ನು ಹೊರಗೆ ಸೇರಿಸಿದೆವೆಂಬ ಅಳುಕು ಇರುವವರು ಕಣ್ಣೆದುರಿನ ತಪ್ಪನ್ನು ಪ್ರಶ್ನಿಸುವ ಹಕ್ಕನ್ನೇ ಕಳೆದುಕೊಂಡವರಂತೆ ವರ್ತಿಸುತ್ತಾರೆ. ಅದರ ಜೊತೆಗೆ, ತಾನು ಜಗಳ ಮಾಡಿ ಹೋದ ಮೇಲೆ ಅವ್ವನನ್ನು ಇನ್ನಷ್ಟು ಕಡೆಗಣಿಸಿದರೆ ಎಂಬ ಹೆದರಿಕೆ. ಕಲಬುರಗಿಯಿಂದ ಮಗನೂ ಗಲಾಟೆ ಬೇಡ, ಭಾನುವಾರ ಬಂದು ಮಾತನಾಡೋಣ ಎಂದರಂತೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.

ಅಂದು ರಾತ್ರಿ ನಾನು ಕೊಟ್ಟ ಸಲಹೆ ಇಷ್ಟೇ: ವಾದಕ್ಕೆ ನಿಲ್ಲಬೇಡಿ, ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸಾಗಿಸಿ. ತಪ್ಪು ಯಾರದು ಎಂಬುದನ್ನು ವಾರದ ಮೇಲೆ ತೀರ್ಮಾನಿಸಬಹುದು. ಒಣಗಿದ ನಾಲಿಗೆ ಮತ್ತು ಕಪ್ಪಾದ ಹುಣ್ಣು ಒಂದು ದಿನವೂ ಕಾಯುವುದಿಲ್ಲ. ಕೇಂದ್ರದವರೂ ಆಸ್ಪತ್ರೆಗೆ ಒಯ್ಯುವುದನ್ನು ತಡೆಯಲಿಲ್ಲ. ಹೊರಡುವ ಮುನ್ನ ಮಗಳು ಎರಡು ಕೆಲಸ ಮಾಡಿದ್ದರು: ಹಾಸಿಗೆಯ ತಲೆಗಡೆ ತೂಗುಹಾಕಿದ್ದ ಆರೈಕೆ ಪುಸ್ತಕದ ಹಿಂದಿನ ಎರಡು ತಿಂಗಳ ಪುಟಗಳ ಫೋಟೋ ತೆಗೆದುಕೊಂಡಿದ್ದರು, ಕೊಡುತ್ತಿದ್ದ ಗುಳಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡಿದ್ದರು. ಅವನ್ನು ನಾನು ಹೇಳಿರಲಿಲ್ಲ; ಅವರಿಗೇ ತೋಚಿದ್ದು.

ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ 152 ಬಂತು. ಸಾಮಾನ್ಯವಾಗಿ ಅದು 135ರಿಂದ 145ರ ನಡುವೆ ಇರಬೇಕು. ಮೈಯಲ್ಲಿ ನೀರು ಬತ್ತಿದಾಗ ಏರುತ್ತದೆ. ಮೂತ್ರದಲ್ಲಿ ಸೋಂಕು ಇತ್ತು. ತೂಕ 43.5 ಕೆ.ಜಿ. ಜನವರಿಯ ವೈದ್ಯರ ಕಾಗದದಲ್ಲಿ 52 ಕೆ.ಜಿ. ಎಂದಿತ್ತು. ತಿಂಗಳೊಂದರಲ್ಲಿ ನೂರಕ್ಕೆ 5ರಷ್ಟು ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕೆಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಅಳತೆ; ಇಲ್ಲಿ ಐದು ತಿಂಗಳೊಳಗೆ ನೂರಕ್ಕೆ 16ರಷ್ಟು ಇಳಿದಿತ್ತು. ಗುಳಿಗೆಗಳ ಚೀಲದಲ್ಲಿ ನಿದ್ರೆ ಬರಿಸುವ ಒಂದು ಗುಳಿಗೆಯ ಪಟ್ಟಿ ಸಿಕ್ಕಿತು. ಜನವರಿಯ ಚೀಟಿಯಲ್ಲಿ ಅದು ಇರಲಿಲ್ಲ, ಯಾವ ವೈದ್ಯರು ಬರೆದದ್ದೆಂದು ಕೇಂದ್ರದವರಿಗೆ ತೋರಿಸಲಾಗಲಿಲ್ಲ.

ಮಗಳ ಕೋರಿಕೆಯಂತೆ ವೈದ್ಯರು ಹುಣ್ಣಿನ ಜಾಗ, ಉದ್ದ, ಅಗಲ, ಆಳ, ಅಂದಾಜು ಎಷ್ಟು ಹಳೆಯದು ಎಂಬುದನ್ನು ಕೇಸ್ ಶೀಟಿನಲ್ಲಿ ವಿವರವಾಗಿ ಬರೆದರು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಲಾಯಿತು. ಅದಕ್ಕೆ ಮೊದಲು ತಾಯಿಗೆ ವಿಷಯ ತಿಳಿಸಿ ಅವರು ತಲೆಯಾಡಿಸಿದ ಮೇಲೆಯೇ ತೆಗೆದರು, ಮೈಯ ಉಳಿದ ಭಾಗವನ್ನು ಮುಚ್ಚಿದರು. ಇಂಥ ಫೋಟೋಗಳು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಸಿಟ್ಟಿನ ಭರದಲ್ಲಿ ಕೆಲವರು ಹಾಗೆ ಮಾಡುತ್ತಾರೆ. ಅದರಿಂದ ಮತ್ತೊಮ್ಮೆ ಅವಮಾನಕ್ಕೊಳಗಾಗುವವರು ಹಾಸಿಗೆಯಲ್ಲಿರುವವರೇ.

ಪುಸ್ತಕ ಹೇಳಿದ್ದು, ಮೈ ಹೇಳಿದ್ದು

ಸಕ್ಕರೆ ಕಾಯಿಲೆಯಿಂದ ಹುಣ್ಣಾಯಿತೆಂಬ ವಿವರಣೆಯನ್ನು ನಾವು ತಳ್ಳಿಹಾಕದೆ ಪರಿಶೀಲಿಸಿದೆವು. ಅದರಲ್ಲಿ ಸ್ವಲ್ಪ ನಿಜವಿದೆ: ಸಕ್ಕರೆ ಕಾಯಿಲೆಯವರ ಗಾಯ ನಿಧಾನವಾಗಿ ಮಾಗುತ್ತದೆ. ಆದರೆ ಹಾಸಿಗೆ ಹುಣ್ಣು ಹುಟ್ಟುವುದು ಒತ್ತಡದಿಂದ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಬಹಳ ಹೊತ್ತು ಸಿಕ್ಕಿಕೊಂಡರೆ ಸಣ್ಣ ರಕ್ತನಾಳಗಳಲ್ಲಿ ರಕ್ತ ನಿಂತು ಒಳಗಿನ ಮಾಂಸ ಸಾಯುತ್ತದೆ. ಮೂತ್ರದ ತೇವ ಚರ್ಮವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಆದ್ದರಿಂದಲೇ ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಿದ್ದರು. ಹುಣ್ಣು ಏಳುವ ಮುನ್ನ ಆ ಜಾಗ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಯವಾಗುವುದಿಲ್ಲ. ನಮ್ಮವರ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲವಾದ್ದರಿಂದ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಸೊಂಟದ ಕೆಳಭಾಗ, ಹಿಮ್ಮಡಿ, ಚಪ್ಪೆ (ಸೊಂಟದ ಪಕ್ಕದ ಮೂಳೆ), ಮೊಣಕೈ, ಇವಿಷ್ಟನ್ನು ನೋಡಲು ಐದು ನಿಮಿಷ ಸಾಕು. ಭಾನುವಾರದ ಅಷ್ಟೂ ಭೇಟಿಗಳಲ್ಲಿ ಮಕ್ಕಳು ತಾಯಿಯ ಮುಖ ನೋಡಿದ್ದರು, ಬೆನ್ನು ನೋಡಿರಲಿಲ್ಲ. ನಾನೂ ಒಮ್ಮೆ ಮಾರ್ಚಿನಲ್ಲಿ ಅವರ ಜೊತೆ ಹೋಗಿ ಹತ್ತು ನಿಮಿಷ ಕುಳಿತು ಮಾತನಾಡಿಸಿ ಬಂದಿದ್ದೆ. ಅಂದು ಚಾದರ ಸರಿಸಿ ನೋಡಬೇಕಿತ್ತು, ನೋಡಲಿಲ್ಲ.

ಆರೈಕೆ ಪುಸ್ತಕದಲ್ಲಿ ಎರಡು ಗಂಟೆಗೊಮ್ಮೆ ‘ಮಗ್ಗುಲು ಬದಲಿಸಲಾಗಿದೆ’, ಹೊತ್ತುಹೊತ್ತಿಗೆ ‘ಊಟ ಮಾಡಿದರು’ ಎಂದು ತಪ್ಪದೆ ಬರೆದಿತ್ತು. ಒಂದೇ ಕೈಬರಹ, ಒಂದೇ ಮಸಿ, ಹಗಲು ರಾತ್ರಿ ಎನ್ನದೆ. ಮಗಳು ಫೋಟೋಗಳನ್ನು ದಿನದಿನಕ್ಕೆ ಹೋಲಿಸುತ್ತಾ ಏಪ್ರಿಲಿನ ಒಂದು ಪುಟದ ಮೇಲೆ ನಿಂತರು. ಆ ದಿನ ಅವರೇ ತಾಯಿಯನ್ನು ಕಣ್ಣಿನ ಪರೀಕ್ಷೆಗೆಂದು ಬೆಳಿಗ್ಗೆ 10ಕ್ಕೆ ಕರೆದುಕೊಂಡು ಹೋಗಿ ಮಧ್ಯಾಹ್ನ 3ಕ್ಕೆ ಮರಳಿ ಬಿಟ್ಟಿದ್ದರು. ಕಣ್ಣಿನ ಆಸ್ಪತ್ರೆಯ ಚೀಟಿಯ ಮೇಲೆ ದಿನಾಂಕ ಇತ್ತು. ಪುಸ್ತಕದ ಪ್ರಕಾರ ಅಂದು 12ಕ್ಕೆ ಮಗ್ಗುಲು ಬದಲಿಸಲಾಗಿದೆ, 1 ಗಂಟೆಗೆ ಊಟ ಮಾಡಿದರು, 2ಕ್ಕೆ ಮತ್ತೆ ಮಗ್ಗುಲು ಬದಲಿಸಲಾಗಿದೆ. ಈ ಒಂದು ಪುಟ ಉಳಿದೆಲ್ಲ ಪುಟಗಳ ನಂಬಿಕೆಯನ್ನು ಕೆಡಿಸಿತು. ಕೂಗಾಡಿ ಹತ್ತು ಮಾತು ಆಡಿದ್ದರೂ ಆಗದ ಕೆಲಸ ಅದು.

ತೂಕ ಇಳಿಯಲು ಬೇರೆ ರೋಗ ಕಾರಣವಿರಬಹುದೇ ಎಂಬ ಪ್ರಶ್ನೆಯೂ ಇತ್ತು. ಆಸ್ಪತ್ರೆಯಲ್ಲಿ ಥೈರಾಯ್ಡ್, ಕ್ಷಯ ಮೊದಲಾದವುಗಳ ತಪಾಸಣೆ ನಡೆದು ಏನೂ ಸಿಗಲಿಲ್ಲ. ಹಲ್ಲಿನ ಸೆಟ್ಟು ಹಾಕಿ, ಹೊತ್ತಿಗೆ ಸರಿಯಾಗಿ ಕುಳ್ಳಿರಿಸಿ ತಿನ್ನಿಸತೊಡಗಿದ ಮೂರು ವಾರಗಳಲ್ಲಿ ತೂಕ ಎರಡು ಕೆ.ಜಿ. ಏರಿತು. ಸಕ್ಕರೆ ಕಾಯಿಲೆಗೆ ಮೊದಲಿನ ಗುಳಿಗೆಗಳೇ ಇದ್ದವು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

ಎಚ್ಚರ ಮರಳಿದ ಮೇಲೆ ನಾವು ತಾಯಿಯನ್ನೇ ಕೇಳಿದೆವು. ದೂರು ಕೊಡುವುದು ಅವರ ಪರವಾಗಿ. ಅವರ ಇಚ್ಛೆ ತಿಳಿಯದೆ ಕೊಡುವುದು ಸರಿಯಲ್ಲ. ಬಹಳ ಹೊತ್ತು ತಡೆದು, ಒಂದೊಂದೇ ಮಾತು ಜೋಡಿಸಿ ಅವರು ಹೇಳಿದ್ದು: “ಆ ಹುಡಗಿಗಿ ಏನೂ ಅನಬ್ಯಾಡ್ರಿ. ರಾತ್ರಿ ಆಕಿ ಒಬ್ಬಾಕಿನ ಇರ್ತಾಳ.” ಪ್ರಕರಣದ ದಿಕ್ಕು ಬದಲಾದದ್ದು ಈ ಮಾತಿನಿಂದ. ವಿಚಾರಿಸಿದಾಗ ತಿಳಿದದ್ದೇನೆಂದರೆ, ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ 14 ಜನ ವೃದ್ಧರಿಗೆ ಒಬ್ಬಳೇ ಆಯಾ ಇರುತ್ತಿದ್ದಳು. ಆ 14ರಲ್ಲಿ ಐವರು ತಾವಾಗಿ ಮಗ್ಗುಲಾಗಲಾರದವರು. ಒಬ್ಬರನ್ನು ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲಾಗಿಸಲು ಹದಿನೈದು ನಿಮಿಷ ಹಿಡಿದರೂ ಐವರಿಗೆ ಒಂದೂಕಾಲು ಗಂಟೆ. ಉಳಿದ ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಜನರ ಶೌಚ, ನೀರು, ಗುಳಿಗೆ. ಆಮೇಲೆ ಮತ್ತೆ ಮೊದಲಿನಿಂದ. ಹನ್ನೆರಡು ಗಂಟೆ ಹೀಗೆ ಒಂಟಿಯಾಗಿ ಮಾಡಲು ಯಾರಿಂದಲೂ ಆಗುವುದಿಲ್ಲ, ಮತ್ತು ವಯಸ್ಕರನ್ನು ಮಗ್ಗುಲಾಗಿಸುವುದು ಇಬ್ಬರು ಕೂಡಿ ಮಾಡಬೇಕಾದ ಕೆಲಸ. ಆಯಾಳ ಮೇಲೆ ಸಿಟ್ಟಾಗಿದ್ದ ಮಗಳು ಆ ಸಿಟ್ಟನ್ನು ಬಿಟ್ಟರು. ಕೈಗಳು ಸಾಲವೆಂದು ಗೊತ್ತಿದ್ದೂ ಮಗ್ಗುಲಾಗಲಾರದ ಐದನೆಯವರಿಗೂ ಹಣ ಪಡೆದವರು, ಪುಸ್ತಕವನ್ನು ಒಟ್ಟಿಗೆ ಬರೆದಿಡಲು ಹೇಳಿದವರು ಉತ್ತರ ಕೊಡಬೇಕಾದವರು ಎಂಬುದು ನಮ್ಮ ನಿಲುವಾಯಿತು, ದೂರನ್ನೂ ಹಾಗೆಯೇ ಬರೆದೆವು.

ದೂರು ಯಾರಿಗೆ

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ ಅಡಿ ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯಲ್ಲಿ ನ್ಯಾಯಮಂಡಳಿ ಇದೆ. ಬಾಗಲಕೋಟೆ ಜಿಲ್ಲೆಯಲ್ಲಿ ಬಾಗಲಕೋಟೆ ಮತ್ತು ಜಮಖಂಡಿ ಎರಡು ಉಪವಿಭಾಗಗಳು. ಆದರೆ ಆ ಮಂಡಳಿಯ ಮುಖ್ಯ ಕೆಲಸ ಮಕ್ಕಳಿಂದ ಅಥವಾ ವಾರಸುದಾರರಿಂದ ಪೋಷಣಾ ಭತ್ಯೆ ಕೊಡಿಸುವುದು. ಅದೇ ಕಾಯ್ದೆಯ 24ನೆಯ ಕಲಂ ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಣ ಪಡೆದು ಒಳಗಿಟ್ಟುಕೊಂಡು ಸರಿಯಾಗಿ ನೋಡಿಕೊಳ್ಳದ ಕೇಂದ್ರಕ್ಕೆ ಆ ಮಾತು ಸರಿಹೊಂದುವುದಿಲ್ಲ. ಅದಕ್ಕೆ ಹತ್ತಿರವಾದದ್ದು ಭಾರತೀಯ ನ್ಯಾಯ ಸಂಹಿತೆಯ 357ನೆಯ ಕಲಂ: ಕಾಯಿಲೆ ಅಥವಾ ಮೈ ನಿತ್ರಾಣದಿಂದ ಅಸಹಾಯಕರಾದವರನ್ನು ನೋಡಿಕೊಳ್ಳಲು ಕಾನೂನುಬದ್ಧ ಕರಾರು ಮಾಡಿಕೊಂಡು ಬೇಕೆಂದೇ ಆ ಕರ್ತವ್ಯ ಬಿಟ್ಟವರಿಗೆ ಅದು ಅನ್ವಯಿಸುತ್ತದೆ.

ಮಗಳು ಮೊದಲು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರು. ಆಮೇಲೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಪಡೆದರು. ಮತ್ತೊಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಹೋಯಿತು. ‘ನರ್ಸಿಂಗ್ ಆರೈಕೆ’ ಎಂದು ರಸೀದಿಯಲ್ಲೇ ಬರೆದಿದ್ದುದರಿಂದ, ಕೇಂದ್ರವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿ ನೋಂದಣಿಯಾಗಿದೆಯೇ ಎಂಬ ಪ್ರಶ್ನೆಯನ್ನು ಕೇಳಲು ಆಧಾರವಿತ್ತು. ದೂರು ಒಂದೂವರೆ ಪುಟ ಮಾತ್ರ: ದಿನಾಂಕ, ಅಂದು ಕಂಡದ್ದು, ಕೇಳಿದ್ದಕ್ಕೆ ಬಂದ ಉತ್ತರ, ಜೊತೆಗೆ ಲಗತ್ತಿಸಿದ ಕಾಗದ. ವಿಶೇಷಣಗಳನ್ನೆಲ್ಲ ತೆಗೆಸಿದೆ. ಕೊನೆಯ ಸಾಲು ಹೀಗಿತ್ತು: ‘ನಮ್ಮ ತಾಯಿಯವರು ಈಗ ಅಲ್ಲಿಲ್ಲ, ಉಳಿದ 13 ಜನರನ್ನು ವೈದ್ಯರಿಂದ ಪರೀಕ್ಷಿಸಬೇಕೆಂದು ಮತ್ತು ರಾತ್ರಿ ಕನಿಷ್ಠ ಇಬ್ಬರು ಆರೈಕೆಯವರು ಇರುವಂತೆ ಮಾಡಬೇಕೆಂದು ಕೋರುತ್ತೇವೆ.’

ಇಲಾಖೆಯವರು ಬಂದು ನೋಡಿಹೋದರು. ಕೇಂದ್ರದವರು ಮೂಲ ಆರೈಕೆ ಪುಸ್ತಕ ಸಿಗುತ್ತಿಲ್ಲವೆಂದರು. ಮಗಳ ಫೋಟೋಗಳು ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಜುಲೈನಲ್ಲಿ ರಾತ್ರಿಗೆ ಎರಡನೆಯ ಆಯಾ ಬಂದಳು, ಭೇಟಿಯ ಸಮಯ ದಿನವೂ ಸಂಜೆಯವರೆಗೆ ವಿಸ್ತರಿಸಿತು, ಎರಡು ತಿಂಗಳ ಶುಲ್ಕ ಮರಳಿ ಬಂತು. ಗ್ರಾಹಕರ ಆಯೋಗಕ್ಕೆ ಹೋಗುವ ವಿಚಾರ ಇನ್ನೂ ತೀರ್ಮಾನವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೇವೆಯಲ್ಲಿನ ಕೊರತೆಗೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ವಕೀಲರ ಖರ್ಚಿನ ಚಿಂತೆಯೂ ಬೇಕಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಮಗ ಬೇಡವೆನ್ನುತ್ತಾರೆ, ಮಗಳಿಗೆ ಹೋಗಬೇಕೆಂದಿದೆ. ನಾನು ಮಗಳ ಪರ.

ತಾಯಿ ಈಗ ಇಳಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಗಲಿಗೆ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದ್ದಾರೆ. ರಾತ್ರಿ ಮಗಳು ಮತ್ತು ಅಳಿಯ ಗಡಿಯಾರಕ್ಕೆ ಅಲಾರಂ ಇಟ್ಟು ಸರದಿಯ ಮೇಲೆ ಏಳುತ್ತಾರೆ. ಸತ್ತ ಮಾಂಸವನ್ನು ಆಸ್ಪತ್ರೆಯಲ್ಲಿ ಎರಡು ಸಲ ತೆಗೆದರು. ಹುಣ್ಣು ಮುಚ್ಚಲು ನವೆಂಬರಿನವರೆಗೆ ಹಿಡಿಯಿತು. ತೂಕ 48 ಕೆ.ಜಿ.ಗೆ ಬಂದಿದೆ.

ತಿಂಗಳಿಗೊಮ್ಮೆ ಬಾಗಲಕೋಟೆಗೆ ಬಂದಾಗ ಮಗಳು ಅದೇ ಕೇಂದ್ರಕ್ಕೆ ಹೋಗುತ್ತಾರೆ. ತಾಯಿಯ ಪಕ್ಕದ ಹಾಸಿಗೆಯ ಅಜ್ಜಿಯನ್ನು ಕಾಣಲು ಬರುವವರು ಯಾರೂ ಇಲ್ಲ. ಆ ಅಜ್ಜಿಗೆ ಸ್ವಾಧೀನ ತಪ್ಪಿರುವುದು ಎಡಗೈ. ಮಗಳು ಒಳಗೆ ಹೋದವರು ಮೊದಲು ಸ್ಟೂಲು ಯಾವ ಕಡೆ ಇದೆಯೆಂದು ನೋಡುತ್ತಾರೆ, ಆಮೇಲೆ ಮಾತಿಗೆ ಕೂಡುತ್ತಾರೆ.